ವೀರಗಲ್ಲಿಗೆ ಕಟ್ಟಿದ ಮಂಟಪ

ಹೊನ್ನೇಕಟ್ಟೆ ಎಂಬ ಊರಿನ ಮೇಲೆ ಒಮ್ಮೆ ಪಕ್ಕದ ಸೀಮೆಯ ಪಾಳೆಯಗಾರ ದಂಡೆತ್ತಿ ಬಂದ. ಊರನ್ನು ಗೆಲ್ಲಲಾಗಲಿಲ್ಲ. ಹೊಟ್ಟೆಕಿಚ್ಚಿಗೆ ಕೆರೆ ಏರಿ ಒಡೆಯಲು ಆಳುಗಳನ್ನು ಕಳಿಸಿದ. ಏರಿ ಒಡೆದರೆ ತುಂಬಿದ ಕೆರೆ ಊರನ್ನೇ ಕೊಚ್ಚಿಕೊಂಡು ಹೋಗುತ್ತಿತ್ತು. ಅಂದು ಏರಿ ಕಾಯುತ್ತಿದ್ದವನು ಕಾಟಯ್ಯನೆಂಬ ಸೈನಿಕ, ಒಬ್ಬನೇ. ಊರಿನವರು ಓಡಿ ಬರುವ ತನಕ ಅವನು ಒಂದು ಹಾರೆಯನ್ನೂ ಏರಿಗೆ ತಾಕಗೊಡಲಿಲ್ಲ. ಊರು ಉಳಿಯಿತು. ಕಾಟಯ್ಯ ಉಳಿಯಲಿಲ್ಲ.

ಅವನು ಬಿದ್ದ ಜಾಗದಲ್ಲೇ ಜನ ವೀರಗಲ್ಲು ನಿಲ್ಲಿಸಿದರು. ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಆ ಕಲ್ಲಿಗೆ ಹಾಲೆರೆಯುವ ಹಬ್ಬ. ಮೊದಲ ಚೊಂಬು ಕಾಟಯ್ಯನ ಹೆಂಡತಿ ಮುದ್ದವ್ವನದು. ಅವಳು ಎರೆಯುವ ತನಕ ಊರ ಗೌಡನೂ ಕೈಕಟ್ಟಿ ಕಾಯಬೇಕು.

ಗೌಡ ದೇವಪ್ಪ ಕಾಟಯ್ಯನ ಜೊತೆ ಆಡಿ ಬೆಳೆದವನು. ಗೆಳೆಯನೆಂದರೆ ಅವನಿಗೆ ಪ್ರಾಣ. 'ಇಂಥ ವೀರನ ಕಲ್ಲು ಬಿಸಿಲಲ್ಲಿ ನಿಂತಿರುವುದೇ? ಮಂಟಪ ಕಟ್ಟಿಸಬೇಕು' ಎಂದು ಒಂದು ಬೇಸಿಗೆಯಲ್ಲಿ ಹೊರಟ. ಕಲ್ಲಿಗಾಗಿ ದೂರ ಹೋಗುವುದೇಕೆ? ಕೆರೆ ಬತ್ತಿತ್ತು. ಏರಿಯ ಒಳಮೈಗೆ ಹಿರಿಯರು ಒತ್ತಾಗಿ ಜೋಡಿಸಿದ್ದ ಚಪ್ಪಡಿಗಳು ಕಣ್ಣೆದುರೇ ಇದ್ದವು. ಕೀಳಿಸಿಬಿಟ್ಟ. ಕೆಲವರಿಗೆ ಒಳಗೊಳಗೇ ಅಳುಕು. ಆದರೆ ಮಕ್ಕಳೇ, ವೀರನ ಹೆಸರು ಹೇಳಿದ ಮೇಲೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದರು.

ಹಬ್ಬದ ದಿನ ಡೊಳ್ಳು ಮೊಳಗಿತು. ಮಂಟಪ ಕಂಡವರು ಮೂಗಿನ ಮೇಲೆ ಬೆರಳಿಟ್ಟರು. ತವರಿಗೆ ಹೋಗಿದ್ದ ಮುದ್ದವ್ವ ಅಂದು ಬೆಳಿಗ್ಗೆಯಷ್ಟೇ ಬಂದಿದ್ದಳು. ಹಾಲಿನ ಚೊಂಬು ಹಿಡಿದು ಮಂಟಪ ನೋಡಿದಳು. ತಿರುಗಿ ಏರಿ ನೋಡಿದಳು. ಚಪ್ಪಡಿ ಕಿತ್ತ ಕಡೆಯೆಲ್ಲ ಬರಿ ಮಣ್ಣು. ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ಅವಳು ಚೊಂಬನ್ನು ಕೆಳಗಿಟ್ಟಳು.

"ಹಾಲೆರಿಯವ್ವಾ, ಊರೆಲ್ಲ ಕಾಯ್ತಾ ಐತೆ" ಎಂದ ಗೌಡ.

"ನಾನು ಎರೆಯಾಕಿಲ್ಲ ಗೌಡ್ರೆ."

ಡೊಳ್ಳು ನಿಂತಿತು. ಗೌಡನ ಮುಖ ಕೆಂಪೇರಿತು. "ಇಷ್ಟೆಲ್ಲ ಮಾಡಿರೋದು ನಿನ್ನ ಗಂಡನ ಮರ್ಯಾದೆಗೇ ಅಲ್ವೇನವ್ವಾ?"

"ಅವತ್ತು ಹಗೆಯೋರು ಬಂದಿದ್ದೂ ಈ ಏರಿ ಕೀಳಾಕೇ. ಅವರ ಕೈಲಿ ಆಗಲಿಲ್ಲ. ಇವತ್ತು ನೀವೇ ಕಿತ್ತು, ನಮ್ಮ ಯಜಮಾನ್ರ ತಲೆ ಮೇಲೆ ಹೊರಿಸಿದ್ದೀರಿ. ನಾಳೆ ಮಳೆ ಹುಯ್ದು ಏರಿ ಹೋದ್ರೆ, ಅವರು ಸತ್ತಿದ್ದು ಯಾತಕ್ಕೆ? ನೀವೇ ಹೇಳಿ."

ಗೌಡ ದುಡುಕಿನವನು ನಿಜ, ಆದರೆ ತಪ್ಪು ತಿಳಿದ ಮೇಲೂ ಮೀಸೆ ತಿರುವುತ್ತ ನಿಲ್ಲುವವನಲ್ಲ. ತಲೆಯ ಹೊಸ ರುಮಾಲು ಬಿಚ್ಚಿ ಸಿಂಬೆ ಸುತ್ತಿಕೊಂಡ. ಮಂಟಪದ ಮೊದಲ ಚಪ್ಪಡಿಗೆ ತಾನೇ ಕೈಹಾಕಿದ. ಆಮೇಲೆ ಕೇಳಬೇಕೆ? ಊರಿಗೆ ಊರೇ ಸೊಂಟ ಕಟ್ಟಿತು. ಡೊಳ್ಳಿನವರೂ ಡೊಳ್ಳು ಇಳಿಸಿ ಕಲ್ಲು ಹೊತ್ತರು. ಸಂಜೆಯ ಹೊತ್ತಿಗೆ ಏರಿ ಗಟ್ಟಿಯಾಯಿತು. ವೀರಗಲ್ಲು ಮತ್ತೆ ಬಯಲಿನಲ್ಲಿ ನಿಂತಿತು.

"ನನ್ನ ಗೆಳೆಯನಿಗೆ ನೆರಳಿಲ್ಲದಂಗಾಯ್ತಲ್ಲವ್ವಾ" ಎಂದು ಗೌಡ ಕಣ್ಣೊರೆಸಿಕೊಂಡ.

"ಅವರು ನೆರಳು ಹುಡುಕೋರಾಗಿದ್ರೆ ಅವತ್ತು ಮನೇಲಿರ್ತಿದ್ರು ಗೌಡ್ರೆ" ಎಂದು ಮುದ್ದವ್ವ ಹಾಲೆರೆದಳು.

ಆ ವರ್ಷ ಹುಚ್ಚು ಮಳೆ. ಕೆರೆ ತುಂಬಿ ಕೋಡಿ ಹರಿಯಿತು. ಏರಿ ಅಲುಗಲಿಲ್ಲ. ಮುಂದಿನ ಹಬ್ಬದಿಂದ ಮನೆಗೊಬ್ಬರು ಏರಿಗೆ ಒಂದು ಬುಟ್ಟಿ ಮಣ್ಣು ಹಾಕಿ, ಆಮೇಲೆ ಹಾಲೆರೆಯುವ ಪದ್ಧತಿ ಬಂತು. ಹಾಲಿನ ಚೊಂಬು ಬೆಳ್ಳಿಯದೇ ಇರಲಿ, ಕೈಗೆ ಮಣ್ಣು ಮೆತ್ತದವರನ್ನು ಮುದ್ದವ್ವ ಕಲ್ಲಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ನೀತಿ: ನಾಡಿಗಾಗಿ ಮಡಿದವರಿಗೆ ಹೂವು ಹಾಕೋಣ, ಹಾಲನ್ನೂ ಎರೆಯೋಣ. ಆದರೆ ಅವರು ಪ್ರಾಣ ಕೊಟ್ಟು ಉಳಿಸಿದ್ದನ್ನು ನಾವು ಕೆಡದಂತೆ ಕಾಯುವುದೇ ಅವರಿಗೆ ಸಲ್ಲುವ ಮೊದಲ ಗೌರವ.