ಹತ್ತನೆಯ ಮೂಟೆ

"ಗುರುಗಳೇ, ಲೆಕ್ಕವೆಂದ ಮೇಲೆ ಉತ್ತರ ಒಂದೇ ಇರಬೇಕಲ್ಲವೇ? 'ಹತ್ತಕ್ಕೆ ಮೀರಬಾರದು' ಎಂದು ಬಂದರೆ ಯಾವ ಅಂಕಿಯನ್ನು ಉತ್ತರವೆಂದು ಹಿಡಿಯಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಎಳ್ಳು ಚೆಲ್ಲಿದರೂ ಎಣಿಸಿ ಎತ್ತುವವನು. ಹೊಳೆಯಾಚೆಯ ಮದುವೆಮನೆಗೆ ಬೆಲ್ಲ ಮುಟ್ಟಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅವರಿಗೆ ಕಡಿಮೆಯೆಂದರೂ ಆರು ಮೂಟೆ ಬೇಕಿತ್ತು. ಮಿಕ್ಕಷ್ಟನ್ನು ಮರುದಿನ ಅಲ್ಲಿಯ ಸಂತೆಗೆ ಒಯ್ಯುವ ಯೋಚನೆ ಅವನದು.

ದಾಟಲು ಇದ್ದದ್ದು ಒಂದೇ ಹರಿಗೋಲು. ಅದರ ಅಂಬಿಗನಿಗೆ ಒಂದು ಪದ್ಧತಿ. ಭಾರವೆಲ್ಲ ಏರಿದ ಮೇಲೆ ಅವನು ಬಗ್ಗಿ, ಅಂಚಿನಿಂದ ನೀರಿನವರೆಗೆ ಗೇಣು ಹಾಕಿ ನೋಡುತ್ತಿದ್ದ. ಗೇಣಿಗೆ ಕಡಿಮೆ ಬಂದರೆ ಏರಿದವರು ಯಾರೇ ಆಗಲಿ, ಇಳಿಯಬೇಕು. ಹನ್ನೆರಡು ಮೂಟೆಯ ಭಾರ ಏರಿದರೆ ಸರಿಯಾಗಿ ಒಂದು ಗೇಣು ಉಳಿಯುತ್ತಿತ್ತು.

ವ್ಯಾಪಾರಿ ದಡದ ಮರಳಿನಲ್ಲಿ ಕಡ್ಡಿಯಿಂದ ಬರೆದ. ಒಬ್ಬ ಆಳಿನ ತೂಕ ಒಂದು ಮೂಟೆಯಷ್ಟು. ತಾನೂ ಅಂಬಿಗನೂ ಸೇರಿ ಎರಡು. ಬೆಲ್ಲದ ಮೂಟೆಗಳಿಗೆ ಆ ಎರಡನ್ನು ಕೂಡಿಸಿದರೆ ಹನ್ನೆರಡಕ್ಕೆ ಮೀರಬಾರದು. ಎರಡೂ ಕಡೆಯಿಂದ ಎರಡು ಕಳೆದ. ಮೂಟೆಗಳು ಹತ್ತಕ್ಕೆ ಮೀರಬಾರದು ಎಂದು ಬಂತು. ಹತ್ತು ಮೂಟೆ ಏರಿಸಿದ. ಅಂಬಿಗ ಗೇಣು ಹಾಕಿದ; ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ.

ಹೊಳೆ ಏರುತ್ತಿತ್ತು. ಆ ದಿನ ಹರಿಗೋಲು ದಾಟುವುದು ಅದೇ ಕೊನೆಯ ಸಲ. ಅಷ್ಟರಲ್ಲಿ ಸೂಲಗಿತ್ತಿಯೊಬ್ಬಳು ಏದುಸಿರು ಬಿಡುತ್ತ ಓಡಿಬಂದಳು.

"ಆಚೆ ದಡದಲ್ಲಿ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿದೆಯಂತೆ. ಚೊಚ್ಚಲು. ನನ್ನನ್ನೂ ದಾಟಿಸಿರಪ್ಪಾ."

ವ್ಯಾಪಾರಿ ಮರಳು ತೋರಿಸಿದ. "ಹತ್ತು ಮೂಟೆ, ಮೂರು ಆಳು. ಹದಿಮೂರಾಯಿತು ತಾಯಿ. ಲೆಕ್ಕ ಒಪ್ಪುವುದಿಲ್ಲ."

"ಒಂಬತ್ತಾದರೆ ಒಪ್ಪುವುದಿಲ್ಲವೇ, ಶೆಟ್ಟರೇ?" ಎಂದು ಅಂಬಿಗ ಕೇಳಿದ.

ವ್ಯಾಪಾರಿ ತಾನು ಬರೆದದ್ದನ್ನು ಮತ್ತೆ ನೋಡಿದ. ಒಂಬತ್ತು ಒಪ್ಪುತ್ತಿತ್ತು. ಎಂಟೂ ಒಪ್ಪುತ್ತಿತ್ತು. ಆರಕ್ಕೆ ಇಳಿದರೂ ಮದುವೆಮನೆಗೆ ಕೊಟ್ಟ ಮಾತು ಉಳಿಯುತ್ತಿತ್ತು. ಅವನು ಬರೆದದ್ದು 'ಹತ್ತಕ್ಕೆ ಮೀರಬಾರದು' ಎಂದು. ಓದಿಕೊಂಡದ್ದು 'ಹತ್ತೇ ಇರಬೇಕು' ಎಂದು. ಅವನಿಗೆ ನಾಚಿಕೆಯಾಯಿತು. ಒಂದು ಮೂಟೆಯನ್ನು ತಾನೇ ಹೊತ್ತು ಮರದ ಬುಡದಲ್ಲಿ ಇಳಿಸಿದ. ಇರುವೆ ಮುತ್ತಿದರೆ ಮುತ್ತಲಿ ಎಂದುಕೊಂಡ.

ಎಲ್ಲರೂ ದಾಟಿದರು. ಮದುವೆಮನೆಗೆ ಬೆಲ್ಲ ಒಪ್ಪಿಸಿ ಹೊರಗೆ ಬರುವಾಗ ಬೀದಿಯ ಕೊನೆಯ ಮನೆಯಿಂದ ಕೂಸಿನ ಅಳು ಕೇಳಿಸಿತು. ವ್ಯಾಪಾರಿಗೆ ಎಷ್ಟು ಸಂತೋಷವಾಯಿತೆಂದರೆ, ಮಿಕ್ಕ ಮೂಟೆಯೊಂದನ್ನು ಬಿಚ್ಚಿ ಆ ಬೀದಿಯವರಿಗೆಲ್ಲ ಬಾಯಿ ಸಿಹಿ ಮಾಡಿಸಿದ.

ಅಂದಿನಿಂದ ಅವನು ಹರಿಗೋಲಿಗೆ ಒಂಬತ್ತೇ ಮೂಟೆ ಏರಿಸುತ್ತಿದ್ದ. ಒಬ್ಬರ ಜಾಗ ಬಿಟ್ಟು, ಸ್ವಲ್ಪ ಹೊತ್ತು ದಾರಿಯ ಕಡೆ ನೋಡಿ, ಆಮೇಲೆ "ಹೊರಡಪ್ಪಾ" ಎನ್ನುತ್ತಿದ್ದ. ಎಷ್ಟೋ ಸಲ ಯಾರೂ ಬರುತ್ತಿರಲಿಲ್ಲ. ಆಗ ಆ ಜಾಗದಲ್ಲಿ ಕಾಲು ಚಾಚಿಕೊಂಡು, ನೀರು ನೋಡುತ್ತ ಸುಖವಾಗಿ ದಾಟುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಇನ್ನೂ ಸಮಾಧಾನವಿರಲಿಲ್ಲ. "ಯಾರೂ ಬಾರದ ದಿನ ಹತ್ತು ಹಿಡಿಯುತ್ತಿತ್ತಲ್ಲ, ಗುರುಗಳೇ? ಒಂಬತ್ತು ಎಂಬುದು ಯಾವ ಲೆಕ್ಕದಿಂದ ಬಂತು?"

ಗುರುಗಳು ನಕ್ಕರು. "ಹತ್ತಕ್ಕೆ ಮೀರಬೇಡ ಎಂದು ಹೇಳಿದ್ದು ಹೊಳೆ, ಒಂಬತ್ತು ಸಾಕು ಎಂದು ಹೇಳಿದ್ದು ಯಾರು, ಮಗು?"