ದೇಸಾಯರ ಕಾಲುಪಟ್ಟಿ

ಜಯವಂತರಾಯ ದೇಸಾಯರ ಮಡಿ ಊರಿಗೇ ಗೊತ್ತು. ಕೆಳಗೇರಿಯವರ ನೆರಳು ಸೋಕಿದರೂ ಸ್ನಾನ ಮಾಡುತ್ತಿದ್ದರು. ಅದೇ ಕೇರಿಯವರು ಹೊತ್ತು ತಂದ ಕಾಡುಹಂದಿಯನ್ನು ಮಾತ್ರ ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದರು, ಅದಿರಲಿ.

ಪೊದೆಗೆ ನುಗ್ಗಿ ಹಂದಿ ಎಬ್ಬಿಸುವವನು ಕೆಳಗೇರಿಯ ದುರುಗಪ್ಪ, ಅದೂ ಬರಿಗಾಲಲ್ಲಿ. ಹೋದ ವರ್ಷ ಅವನ ತಮ್ಮ ಅದೇ ಕೆಲಸದಲ್ಲಿ ಹಾವು ಕಚ್ಚಿ ಸತ್ತ. "ನೆಲಾ ನೋಡಿ ನಡೀಬೇಕಿತ್ತು" ಅಂದರು ದೇಸಾಯರು. ಆಮೇಲೆ ತಮಗೆಂದು ಪಟ್ಟಣದಿಂದ ಎರಡು ಜೊತೆ ಕಾಲುಪಟ್ಟಿ ತರಿಸಿದರು. ಬೂಟಿನಿಂದ ಮೊಣಕಾಲ ತನಕ ಬಿಗಿಯುವಂಥವು. ಒಂದು ಜೊತೆ ಕ್ಯಾನ್ವಾಸಿನದು, ಒಂದು ಎಮ್ಮೆ ತೊಗಲಿನದು.

ಶಿಕಾರಿಯ ದಿನ ನೆಂಟರೆದುರು ದುರುಗಪ್ಪನನ್ನು ಕರೆದರು. "ಯಾವುದು ಗಟ್ಟಿ, ಆರಿಸು. ನನಗ ಒಂದು ಮುಳ್ಳು ಚುಚ್ಚಿದರೂ ನಿನ್ನ ತೊಗಲು ಸುಲಸ್ತೀನಿ."

"ಕಣ್ಣಿಲೆ ನೋಡಿ ಹೆಂಗ ಹೇಳ್ಲಿ, ದಣೇರ? ಮುಳ್ಳಿಗೇ ಕೇಳಬೇಕು. ನಿಮ್ಮ ಕಾಲು ಯಾಕ, ನನ್ನ ಕಾಲು ಹೋದರ ಹೋಗ್ಲಿ."

ಮಾತು ದೇಸಾಯರಿಗೆ ಹಿಡಿಸಿತು. ದುರುಗಪ್ಪ ಎಮ್ಮೆ ತೊಗಲಿನದನ್ನು ಬಿಗಿದುಕೊಂಡು, ಜಾಲಿ ಪೊದೆ ಹೊಕ್ಕು ಹೊರಬಂದ. ಕಾಲಿಗೆ ಒಂದು ಗೀರೂ ಇರಲಿಲ್ಲ.

"ಇದೇ ಸರಿ. ಬಿಚ್ಚಿ ಕೊಡು" ಎಂದು ದೇಸಾಯರು ಕೈ ಚಾಚಿದರು.

ದುರುಗಪ್ಪ ಬಿಚ್ಚಿ, ಎರಡೂ ಕೈಯಲ್ಲಿ ನೀಡಿದ. "ತಗೋರಿ. ನನ್ನ ಬೆವರು ಇನ್ನೂ ಆರಿಲ್ಲ, ನೋಡಿ ಮುಟ್ಟರಿ."

ಚಾಚಿದ ಕೈ ಅಲ್ಲೇ ನಿಂತಿತು. ನೆಂಟರೆಲ್ಲ ಆ ಕೈಯನ್ನೇ ನೋಡುತ್ತಿದ್ದರು.

"ಒಯ್ಯೋ ಅದನ್ನ" ಎಂದು ಗದರಿ, ದೇಸಾಯರು ಕ್ಯಾನ್ವಾಸಿನದನ್ನು ಕಟ್ಟಿಕೊಂಡರು.

ದುರುಗಪ್ಪ ಮತ್ತೆ ಬಿಗಿದುಕೊಂಡ. "ನನ್ನ ತಮ್ಮಗೂ ಇದೇ ಅಳತಿ ಆಗ್ತಿತ್ರಿ" ಅಂದು ಪೊದೆಯೊಳಗೆ ನಡೆದ.

ಅವತ್ತು ಇಡೀ ದಿನ ದೇಸಾಯರು ನೆಲ ನೋಡಿಯೇ ನಡೆದರು.