ಸಾಹೇಬರ ಅಳತೆ

ಹೊಸ ವರ್ಷದ ಮೊದಲ ದಿನವೇ ಪುರಸಭೆಯ ಹೊಸ ಮುಖ್ಯಾಧಿಕಾರಿ ನೌಕರರನ್ನೆಲ್ಲ ಸೇರಿಸಿ ಗುಡುಗಿದರು: "ಯಾರ ಕೆಲಸ ಏನೇ ಇರಲಿ, ಹೋದ ವರ್ಷದ ಎರಡರಷ್ಟು ಆಗಬೇಕು. ಇದೇ ಗುರಿ!"

ಸ್ಮಶಾನದಲ್ಲಿ ಗುಂಡಿ ತೋಡುವ ಕೆಂಚಪ್ಪ ಹಿಂದಿನಿಂದ ಎದ್ದ. "ನನಗೂನಾ ಸಾರ್?"

"ನಿನಗೇನು ಕೊಂಬಿದೆಯಾ? ಆಗದಿದ್ದರೆ ಮನೆಗೆ ನಡಿ. ಎಲ್ಲದಕ್ಕೂ ನಾನೇ ಮುಂದೆ ನಿಲ್ತೀನಿ, ನೀವು ಹಿಂದೆ ಬನ್ನಿ!" ಇವನ ಕೆಲಸವೇನೆಂದು ಸಾಹೇಬರು ಕೇಳಲೂ ಇಲ್ಲ.

ಕೆಂಚಪ್ಪನಿಗೆ ಮೈಯೆಲ್ಲ ಉರಿಯಿತು. ಮರುದಿನ ಹಗ್ಗ ಹಿಡಿದು ನೇರ ಸಾಹೇಬರ ಕೋಣೆಗೇ ನುಗ್ಗಿದ. ಹೆಣದ ಉದ್ದ ಅಳೆದು ಗಂಟು ಹಾಕುವ ಹಗ್ಗ ಅದು.

"ಸ್ವಲ್ಪ ಎದ್ದು ನೆಟ್ಟಗೆ ನಿಂತ್ಕೊಳ್ಳಿ ಸಾರ್."

ಸಾಹೇಬರು ಏನೆಂದು ತಿಳಿಯದೆ ನಿಂತರು. ಕೆಂಚಪ್ಪ ನೆತ್ತಿಯಿಂದ ಹಿಮ್ಮಡಿವರೆಗೆ ಹಗ್ಗ ಹಿಡಿದು ಗಂಟು ಬಿಗಿದ.

"ಏನಯ್ಯಾ ಇದು?"

"ಗುಂಡಿಯ ಅಳತೆ ಸಾರ್. ತಾವಾಗಿ ಸಾಯೋರನ್ನೇ ನಂಬಿದ್ರೆ ನನ್ನ ಗುರಿ ಮುಟ್ಟಲ್ಲ. ಯಾರಾದ್ರೂ ಮುಂದೆ ನಿಲ್ಲಬೇಕು. ನೀವೇ ನಿಲ್ತೀನಿ ಅಂದ್ರಲ್ಲ!"

ಸಾಹೇಬರು ಕುರ್ಚಿಯ ಹಿಂದೆ ಸರಿದುಕೊಂಡರು. "ನಿನಗೆ ಗುರಿಯೂ ಬೇಡ, ಏನೂ ಬೇಡ! ಮೊದಲು ಆ ಗಂಟು ಬಿಚ್ಚು ಮಾರಾಯ!"

ಕೆಂಚಪ್ಪ ಹಗ್ಗವನ್ನು ಹೆಗಲಿಗೇರಿಸಿ ಬಾಗಿಲಲ್ಲಿ ತಿರುಗಿ ನಿಂತ.

"ಗಂಟು ಇರಲಿ ಬಿಡಿ ಸಾರ್. ಮುಂದಿನ ವರ್ಷವೂ ಗುರಿ ಹಾಕ್ತೀರಲ್ಲ."